ಸುರುಳಿ ಚೆನ್ನಾಗಿದೆ, ಶಕ್ತಿಯ ಲೆಕ್ಕ ಎಲ್ಲಿ?

ನಮಸ್ಕಾರ. ಕಾಸರಗೋಡಿನ ಯಾವ ಪ್ಲಸ್ ಟು ತರಗತಿಗೆ ಬೇಕಾದರೂ ಹೋಗಿ, ಕಾಂತಕ್ಷೇತ್ರದಲ್ಲಿ ಇಲೆಕ್ಟ್ರಾನ್ ಹೇಗೆ ಚಲಿಸುತ್ತದೆ ಎಂದು ಕೇಳಿ. ವೃತ್ತದಲ್ಲಿ ಸುತ್ತುತ್ತದೆ ಎಂಬ ಉತ್ತರ ತಟ್ಟನೆ ಬರುತ್ತದೆ. ತ್ರಿಜ್ಯದ ಸೂತ್ರ ಬಾಯಿಪಾಠವಾಗಿರುತ್ತದೆ. ಪಾಠದ ನಡುವೆ ಅಂತರ್ಜಾಲದಿಂದ ಇಳಿಸಿಕೊಂಡ ಅನಿಮೇಶನ್ ಒಂದನ್ನು ತೋರಿಸುತ್ತಾರೆ, ಮಕ್ಕಳು ಕಣ್ಣರಳಿಸಿ ನೋಡುತ್ತಾರೆ, ಗಂಟೆ ಬಾರಿಸುತ್ತದೆ. ಆ ಚಿತ್ರ ನಿಜವನ್ನೇ ಹೇಳುತ್ತಿದೆಯೇ ಎಂದು ಒರೆಗೆ ಹಚ್ಚುವ ದಾರಿಯನ್ನು ಮಾತ್ರ ಯಾರೂ ಕಲಿಸುವುದಿಲ್ಲ. ನನ್ನ ತಕರಾರು ಇದೇ. ಈ ಸಿಮ್ಯುಲೇಶನ್ನನ್ನು, ಅಂದರೆ ಕಣದ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕಹಾಕಿ ತೋರಿಸುವ ಪ್ರೋಗ್ರಾಮನ್ನು, ಮಕ್ಕಳ ಕೈಯಿಂದಲೇ ಬರೆಸಬೇಕು. ಬರೆದದ್ದನ್ನು ಅವರೇ ಅನುಮಾನಿಸಬೇಕು.

ಸಲಕರಣೆಯ ಕೊರತೆ ನಮಗಿಲ್ಲ. ಕೇರಳದ ಶಾಲೆಗಳಲ್ಲಿ ಉಚಿತ ತಂತ್ರಾಂಶ ತುಂಬಿದ ಕಂಪ್ಯೂಟರುಗಳಿವೆ, ಹೈಸ್ಕೂಲಿನಲ್ಲೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪರಿಚಯವಾಗುತ್ತದೆ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳಿಗೂ ಇದು ಸಿಕ್ಕಿರುವ ಭಾಗ್ಯ.

ಈಗ ವಿಷಯಕ್ಕೆ ಬರೋಣ. ಇಲೆಕ್ಟ್ರಾನಿನಂತಹ ವಿದ್ಯುದಾವೇಶವುಳ್ಳ ಕಣದ ಮೇಲೆ ಎರಡು ಬಲಗಳು. ವಿದ್ಯುತ್ ಕ್ಷೇತ್ರ ಅದನ್ನು ತನ್ನ ನೇರಕ್ಕೆ ತಳ್ಳುತ್ತದೆ ಅಥವಾ ಎಳೆಯುತ್ತದೆ. ಕಾಂತಕ್ಷೇತ್ರ ಹಾಗಲ್ಲ, ಕಣ ಓಡುವ ದಿಕ್ಕಿಗೆ ಯಾವಾಗಲೂ ಲಂಬವಾಗಿ ತಳ್ಳುತ್ತದೆ. ಲಂಬವಾದ ಬಲ ದಿಕ್ಕು ತಿರುಗಿಸಬಲ್ಲದು, ಜವ ಹೆಚ್ಚಿಸಲಾರದು. ಹಾಗಾಗಿ ಬರೀ ಕಾಂತಕ್ಷೇತ್ರ ಮಾತ್ರ ಇದ್ದರೆ ಕಣದ ಚಲನಶಕ್ತಿ ಮೊದಲು ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ ಇರಬೇಕು. ನಮ್ಮ ಒರೆಗಲ್ಲು ಇದು.

ಎಲ್ಲರಿಗೂ ಮೊದಲು ಹೊಳೆಯುವುದು ಆಯ್ಲರ್ ವಿಧಾನ: ಈಗಿನ ಬಲ ನೋಡು, ವೇಗಕ್ಕೆ ಕೂಡಿಸು, ಮುಂದಿನ ಹೆಜ್ಜೆ ಇಡು. ಪರದೆಯ ಮೇಲೆ ನೋಡಿ. ಕಣ ಪ್ರತಿ ಹೆಜ್ಜೆಗೆ 0.1 ರೇಡಿಯನ್ (ಸುಮಾರು ಆರು ಡಿಗ್ರಿ) ತಿರುಗುವಂತೆ ಕಾಲದ ಅಂತರ ಇಟ್ಟಿದ್ದೇನೆ, ಅಂದರೆ ಒಂದು ಸುತ್ತಿಗೆ ಸುಮಾರು 63 ಹೆಜ್ಜೆ. ವೃತ್ತ ಮುಚ್ಚಿಕೊಳ್ಳುತ್ತಿಲ್ಲ, ಹೊರಹೊರಗೆ ಅಗಲವಾಗುತ್ತಾ ಹೋಗುತ್ತಿದೆ. ಒಂದೇ ಸುತ್ತಿನಲ್ಲಿ ಚಲನಶಕ್ತಿ ಶೇಕಡಾ 87ರಷ್ಟು ಏರಿಬಿಟ್ಟಿದೆ! ಯಾರು ಕೊಟ್ಟರು ಈ ಶಕ್ತಿಯನ್ನು? ಯಾರೂ ಕೊಡಲಿಲ್ಲ. ಕಾರಣ ತಿಳಿಯಲು ಪೈಥಾಗೊರಸ್ ಸಾಕು. ಹಳೆಯ ವೇಗ ಲಂಬಕೋನ ತ್ರಿಭುಜದ ಒಂದು ಬಾಹು, ಕಾಂತಬಲ ಕೂಡಿಸಿದ್ದು ಅದಕ್ಕೆ ಲಂಬವಾದ ಇನ್ನೊಂದು ಬಾಹು, ಹೊಸ ವೇಗ ವಿಕರ್ಣ. ವಿಕರ್ಣ ಯಾವಾಗಲೂ ಬಾಹುವಿಗಿಂತ ಉದ್ದ. ಪ್ರತಿ ಹೆಜ್ಜೆಯಲ್ಲೂ ಉದ್ದ. ಹೆಜ್ಜೆಯನ್ನು ಹತ್ತು ಪಟ್ಟು ಚಿಕ್ಕದು ಮಾಡಿದರೂ ಒಂದು ಸುತ್ತಿಗೆ ಶೇಕಡಾ 6ಕ್ಕಿಂತ ಹೆಚ್ಚು ಶಕ್ತಿ ಎಲ್ಲಿಂದಲೋ ಬಂದು ಸೇರುತ್ತದೆ. ಹತ್ತನೇ ತರಗತಿಯ ಗಣಿತ ಇಷ್ಟು ಸೊಗಸಾಗಿ ಭೌತವಿಜ್ಞಾನಕ್ಕೆ ತಾಗುವ ಜಾಗ ಇನ್ನೊಂದು ನನಗೆ ಗೊತ್ತಿಲ್ಲ.

ಹಾಗಾದರೆ ರುಂಗೆ-ಕುಟ್ಟ ವಿಧಾನ ಬಳಸಿ ಎನ್ನುವವರಿದ್ದಾರೆ. ಪ್ರತಿ ಹೆಜ್ಜೆಗೆ ಬಲವನ್ನು ನಾಲ್ಕು ಬಾರಿ ಲೆಕ್ಕಹಾಕಿ ಸರಾಸರಿ ಹಿಡಿಯುವ ಆ ವಿಧಾನ ನಿಜಕ್ಕೂ ನಿಖರ, ಅದೇ 0.1 ರೇಡಿಯನ್ ಹೆಜ್ಜೆಗೆ ಒಂದು ಸುತ್ತಿನಲ್ಲಿ ಕಳೆದುಹೋಗುವ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಆದರೆ ಸ್ವಲ್ಪ ತಡೆಯಿರಿ. ನಮ್ಮ ಜಿಲ್ಲೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಇಷ್ಟು ದುರ್ಬಲ ಕ್ಷೇತ್ರದಲ್ಲೂ ಇಲೆಕ್ಟ್ರಾನ್ ಸೆಕೆಂಡಿಗೆ 11 ಲಕ್ಷ ಸುತ್ತು ಹೊಡೆಯುತ್ತದೆ. ಹನಿ ಹನಿ ಸೋರಿಕೆ ಕೂಡಿಕೊಂಡು, ಒಂದೇ ಸೆಕೆಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಮಾಯ. ನಾಲ್ಕು ಸುತ್ತು ತೋರಿಸಿ ನಿಲ್ಲಿಸುವ ಚಿತ್ರದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಪ್ಲಾಸ್ಮಾ, ಅಂದರೆ ಆವೇಶವುಳ್ಳ ಕಣಗಳ ಅನಿಲ, ಅದನ್ನು ಅಧ್ಯಯನ ಮಾಡುವ ವಿಜ್ಞಾನಿಗಳು ಇಂದಿಗೂ ನೆಚ್ಚಿಕೊಂಡಿರುವುದು 1970ರಲ್ಲಿ ಜೇ ಬೋರಿಸ್ ಮಂಡಿಸಿದ ವಿಧಾನವನ್ನು. ವಿದ್ಯುತ್ ಕ್ಷೇತ್ರದ ತಳ್ಳುವಿಕೆಯಲ್ಲಿ ಅರ್ಧವನ್ನು ಮೊದಲು ಕೊಡಿ. ಆಮೇಲೆ ಕಾಂತಕ್ಷೇತ್ರಕ್ಕಾಗಿ ವೇಗವನ್ನು ಕೇವಲ ತಿರುಗಿಸಿ, ಏನನ್ನೂ ಕೂಡಿಸಬೇಡಿ. ಉಳಿದ ಅರ್ಧವನ್ನು ಕೊನೆಗೆ ಕೊಡಿ. ತಿರುಗಿಸಿದರೆ ಉದ್ದ ಬದಲಾಗುವುದಿಲ್ಲ, ಶಕ್ತಿಯ ಲೆಕ್ಕ ತಾನಾಗಿ ನಿಲ್ಲುತ್ತದೆ. ಇಡೀ ಪ್ರೋಗ್ರಾಮು ಒಂದು ಪುಟಕ್ಕೂ ಕಡಿಮೆ. ಇದಕ್ಕೂ ಊನವಿದೆ: ಅದೇ ಹೆಜ್ಜೆಗಾತ್ರಕ್ಕೆ ಕಣ ಸ್ವಲ್ಪ ನಿಧಾನವಾಗಿ ಸುತ್ತಿ, ಸುಮಾರು 1,200 ಸುತ್ತುಗಳಲ್ಲಿ ಒಂದು ಸುತ್ತು ಹಿಂದೆ ಬೀಳುತ್ತದೆ. ಯಾವ ತಪ್ಪನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬ ವಿವೇಚನೆ ಇಲ್ಲಿ ಬೇಕಾಗುತ್ತದೆ. ಅದನ್ನು ಹದಿನೇಳರ ಪ್ರಾಯದಲ್ಲಿ ಕಲಿಯುವುದು ದೊಡ್ಡ ಸಂಗತಿ ಎಂದು ನಾನು ನಂಬಿದ್ದೇನೆ.

ಪ್ರೋಗ್ರಾಮು ಸರಿಯಾದ ಮೇಲೆ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ವಿದ್ಯುತ್ ಕ್ಷೇತ್ರವನ್ನೂ ಹಚ್ಚಿ. ಇಲೆಕ್ಟ್ರಾನ್ ಒಂದು ಕಡೆಗೆ, 1,836 ಪಟ್ಟು ಭಾರದ ಪ್ರೋಟಾನ್ ಇನ್ನೊಂದು ಕಡೆಗೆ ಸುತ್ತುತ್ತವೆ. ಸುತ್ತುತ್ತಲೇ ಎರಡೂ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸರಿಯುತ್ತವೆ! ಆವೇಶದ ಚಿಹ್ನೆಯಾಗಲಿ ದ್ರವ್ಯರಾಶಿಯಾಗಲಿ ಲೆಕ್ಕಕ್ಕೇ ಬರುವುದಿಲ್ಲ. ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದರೆ ಸರಿಯುವ ವೇಗ ಸಿಗುತ್ತದೆ.

ಇದು ಪುಸ್ತಕದೊಳಗಿನ ಕಥೆಯಷ್ಟೇ ಅಲ್ಲ. ಭೂಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ, ನಮ್ಮ ರಾಜ್ಯದ ತೆಂಕಣ ತುದಿಗೆ ಹತ್ತಿರವಿದೆ. ತಿರುವನಂತಪುರದ ಬಳಿಯ ತುಂಬಾ ಎಂಬ ಊರಿನಲ್ಲಿ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಿದ್ದೂ ಅದೇ ಕಾರಣಕ್ಕೆ. ಆ ಸಮಭಾಜಕದ ಮೇಲಿನ ಅಯಾನುಗೋಳದಲ್ಲಿ, ಅಂದರೆ ಆವೇಶವುಳ್ಳ ಕಣಗಳಿರುವ ವಾತಾವರಣದ ಎತ್ತರದ ಪದರದಲ್ಲಿ, ಹಗಲು ಹೊತ್ತು ವಿದ್ಯುತ್ ಕ್ಷೇತ್ರ ಪೂರ್ವಕ್ಕೆ, ಕಾಂತಕ್ಷೇತ್ರ ಉತ್ತರಕ್ಕೆ ಇರುತ್ತದೆ. ಹಾಗಾಗಿ ಕಣಗಳು ಮೇಲಕ್ಕೇರುತ್ತವೆ. ಮೀಟರಿಗೆ ಅರ್ಧ ಮಿಲಿವೋಲ್ಟ್ ಎಂದು ಹಿಡಿದು 40 ಮೈಕ್ರೋಟೆಸ್ಲಾದಿಂದ ಭಾಗಿಸಿ: ಸೆಕೆಂಡಿಗೆ ಹನ್ನೆರಡೂವರೆ ಮೀಟರ್. ಮಕ್ಕಳು ಬರೆದ ಪ್ರೋಗ್ರಾಮಿನಲ್ಲೂ ಅದೇ ಸಂಖ್ಯೆ ಬರಬೇಕು.

ಮಾಸ್ಟರರೇ, ಟೀಚರರೇ, ನಿಮ್ಮಲ್ಲಿ ಒಂದು ವಿನಂತಿ. ಲ್ಯಾಬಿನಲ್ಲಿ ಹುಡುಗಿಯೊಬ್ಬಳು ಚಂದದ ವೃತ್ತ ಬಿಡಿಸಿ ತೋರಿಸಿದ ಕೂಡಲೇ ರೆಕಾರ್ಡಿಗೆ ಸಹಿ ಹಾಕಬೇಡಿ. ಅದರ ಕೆಳಗೆ ಚಲನಶಕ್ತಿಯ ಗ್ರಾಫನ್ನೂ ಕೇಳಿ. ಸಾವಿರ ಸುತ್ತಿನ ಬಳಿಕವೂ ಆ ಗೆರೆ ಅಡ್ಡಡ್ಡ ನೇರವಾಗಿ ಹೋಗಿದ್ದರೆ ಆಮೇಲೆ ಸಹಿ ಹಾಕಿ. ಗೆರೆ ಏರಿದ್ದರೆ ಪೆನ್ನು ಕೆಳಗಿಟ್ಟು, ಪಕ್ಕದಲ್ಲಿ ಕುಳಿತು, ಆ ತ್ರಿಭುಜವನ್ನು ಬರೆದು ತೋರಿಸಿ.