ಸೆರಗು ಬಿಚ್ಚಿ ನೋಡಿಯೇ ಕೊಳ್ಳಿ

ಈಗ ಪರದೆಯ ಮೇಲಿರುವ ಎರಡೂ ಸೀರೆಗಳನ್ನು ಇಳಕಲ್ ಸೀರೆ ಎಂದೇ ಮಾರುತ್ತಾರೆ. ಎರಡರದ್ದೂ ಹಸಿರು ಮೈ, ಕೆಂಪು ಸೆರಗು, ಗಾಯತ್ರಿ ಎಂಬ ಮಾದರಿಯ ದಡಿ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಅಗ್ಗದ್ದಕ್ಕೆ ಕೈ ಹಾಕುವ ಮುನ್ನ, ಮೈ ಮತ್ತು ಸೆರಗು ಕೂಡುವ ಜಾಗವನ್ನು ನನ್ನ ಜೊತೆ ನೋಡಿ.

ಕ್ಯಾಮೆರಾ ಹತ್ತಿರ ತರುತ್ತೇನೆ. ದುಬಾರಿ ಸೀರೆಯ ಅಡ್ಡಗಲಕ್ಕೂ ಪುಟ್ಟ ಪುಟ್ಟ ಕುಣಿಕೆಗಳ ಸಾಲೊಂದು ಕಾಣುತ್ತಿದೆಯಲ್ಲ, ಅದೇ ಕೊಂಡಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಇದರಲ್ಲಿ ಮೈ ಹತ್ತಿಯದು, ಸೆರಗು ರೇಷ್ಮೆಯದು. ಬೆರಳಿಗೆ ಬೆರಳು ಕೊಕ್ಕೆ ಹಾಕಿದಂತೆ, ಎಳೆ ಎಳೆಯನ್ನೂ ಇನ್ನೊಂದರ ಕುಣಿಕೆಯಲ್ಲಿ ತೂರಿಸಿ ಜೋಡಿಸಬೇಕು. ಒಂದು ಸೀರೆಗೆ ಹೂಡಿದ ಹಾಸು ಆ ಸೀರೆಗಷ್ಟೇ. ಮುಂದಿನದಕ್ಕೆ ಮತ್ತೆ ಮೊದಲಿನಿಂದ ಶುರು. ನೇಯುವ ಮುಂಚಿನ ಈ ದುಡಿಮೆಯಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಇನ್ನೂರು ರೂಪಾಯಿ ಇಳಿಸಿ ಎಂದು ಹಟ ಹಿಡಿದಾಗ ನಾವು ಕೈ ಇಡುವುದು ಇವರ ಕೂಲಿಯ ಮೇಲೆ.

ಇನ್ನೊಂದು ಸೀರೆ ನೋಡಿ. ಕೊಂಡಿಯ ಸುಳಿವೇ ಇಲ್ಲ. ಸೆರಗಿನ ತುದಿಯಿಂದ ಒಂದು ಎಳೆ ಬಿಡಿಸಿದರೆ, ಮೈಯ ಹಸಿರು ನೂಲೇ ಅಲ್ಲಿಯವರೆಗೂ ಓಡಿ ಬಂದಿದೆ. ಇದು ಯಂತ್ರಮಗ್ಗದ ಪಾಲಿಯೆಸ್ಟರ್. ಯಂತ್ರಮಗ್ಗದ ಸೀರೆ ಉಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಅಲ್ಲಿಯೂ ದುಡಿಯುವವರಿದ್ದಾರೆ, ದುಬಾರಿ ಸೀರೆ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಅದನ್ನು ಕೈಮಗ್ಗದ್ದೆಂದು ಮಾರುವುದು ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರ ಅನ್ನಕ್ಕೆ ಕಲ್ಲು ಹಾಕುವ ಕೆಲಸ. ನನಗೆ ಸಿಟ್ಟು ಬರುವುದು ಅಲ್ಲಿ. ಆದ್ದರಿಂದ ಸಂಕೋಚ ಬಿಟ್ಟು ಕೇಳಿ. 2006ರಿಂದ ಕೈಮಗ್ಗದ ಬಟ್ಟೆಗೆಂದೇ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತಿದೆ, ಆ ಚೀಟಿ ತೋರಿಸಲು ಹೇಳಿ. ನೇಕಾರರ ಸಹಕಾರ ಸಂಘಗಳ ಮಳಿಗೆ, ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆ ಹತ್ತಿರವಿದ್ದರೆ ಮೊದಲು ಅಲ್ಲಿಗೆ ಹೋಗಿ.

ಸಿದ್ಧ ಉಡುಪುಗಳ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಬಟ್ಟೆ ನೋಡಿ ಹೊಲಿದವರ ಸ್ಥಿತಿ ತಿಳಿಯುವುದಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ, ಸಿದ್ಧ ಉಡುಪಿನ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಯಾವ ಯಾವ ಕಂಪನಿಗಳಿಗೆ ಅಲ್ಲಿ ಬಟ್ಟೆ ಹೊಲಿಯಲಾಗುತ್ತಿತ್ತು ಎಂದು ತಿಳಿಯಲು ಅವಶೇಷಗಳಲ್ಲಿ ಬಟ್ಟೆಯ ಚೀಟಿಗಳನ್ನು ಹುಡುಕಬೇಕಾಯಿತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವವರೂ ಬಹುಪಾಲು ಹೆಣ್ಣುಮಕ್ಕಳೇ. ಹಾಗಾಗಿ ಇಲ್ಲಿ ನಾನು ಹಿಡಿದಿರುವ ದಾರಿ ಕಡಿಮೆ ಕೊಳ್ಳುವುದು, ಹೊಲಿಗೆ ಬಿಟ್ಟರೆ ಹಾಕಿಸುವುದು, ಸವೆದ ಹತ್ತಿ ಸೀರೆಗಳನ್ನು ಕೌದಿಗೆ ಎತ್ತಿಡುವುದು.

ಈ ದೀಪಾವಳಿಗೆ ಮೂರು ಸೀರೆಯ ಹಣ ಕೂಡಿಸಿ ಕೊಂಡಿಯ ಈ ಒಂದನ್ನೇ ಕೊಳ್ಳುತ್ತಿದ್ದೇನೆ, ಚೌಕಾಸಿ ಇಲ್ಲದೆ. ನಿಮ್ಮೂರಿನಲ್ಲಿ ನೇಕಾರರಿಂದಲೇ ನೇರವಾಗಿ ಕೊಳ್ಳುವ ಜಾಗವಿದ್ದರೆ ದಯವಿಟ್ಟು ಬರೆದು ತಿಳಿಸಿ, ಮುಂದಿನ ವಿಡಿಯೊದಲ್ಲಿ ಅಲ್ಲಿಗೇ ಹೋಗೋಣ.