ಒಂದೇ ಕಡಲು, ನಾಲ್ಕು ಲೆಕ್ಕ

ಕೇಳುಗರಿಗೆ ನಮಸ್ಕಾರ.

2023ರ ಡಿಸೆಂಬರ್ 25. ಕೆಂ ಪ್ಲೂಟೊ ಎಂಬ ಟ್ಯಾಂಕರ್ ಕೋಸ್ಟ್ ಗಾರ್ಡ್ ಕಾವಲಿನಲ್ಲಿ ನಮ್ಮ ಮುಂಬೈಗೆ ಬಂತು. ಸೌದಿಯಿಂದ ಎಣ್ಣೆ ತುಂಬಿಕೊಂಡು ಮಂಗಳೂರಿಗೆ ಹೊರಟಿದ್ದ ಹಡಗು ಅದು. ಪೋರಬಂದರದಿಂದ ಸುಮಾರು 200 ನಾಟಿಕಲ್ ಮೈಲಿ ಆಚೆ ಡ್ರೋನ್ ಬಂದು ಬಡಿದಿತ್ತು. ಮಾಲೀಕರು ಜಪಾನಿನವರು, ಬಾವುಟ ಲೈಬೀರಿಯಾದ್ದು, ಹಡಗಿನಲ್ಲಿದ್ದವರು ಹೆಚ್ಚುಕಮ್ಮಿ ಎಲ್ಲರೂ ನಮ್ಮವರು. ಡ್ರೋನ್ ಇರಾನಿನಿಂದ ಹಾರಿದ್ದು ಎಂದಿತು ಅಮೆರಿಕ. ಇರಾನ್ ಒಪ್ಪಲಿಲ್ಲ.

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಕುಂದಾಪುರ ಕಡೆಯ ಒಬ್ಬ ಅಮ್ಮ ಇದ್ದಾರೆ. ಅವರ ಮಗ ಆಗ ಬೇರೊಂದು ಟ್ಯಾಂಕರ್‌ನಲ್ಲಿದ್ದ. ಆ ವಾರವಿಡೀ ಅವರು ಮೊಬೈಲ್ ಕೈಬಿಡಲಿಲ್ಲ. ಕಳಿಸಿದ ಮೆಸೇಜಿಗೆ ಎರಡನೇ ಟಿಕ್ ಬೀಳುವವರೆಗೆ ಅನ್ನ ಬಡಿಸಿಕೊಳ್ಳುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಕಡಲಲ್ಲಿ ನಮ್ಮ ಜೊತೆ ಯಾರಿದ್ದಾರೆ? ಕ್ವಾಡ್ ಎಂಬ ನಾಲ್ಕು ದೇಶಗಳ ಗುಂಪಿನ ಹೆಸರು ಕೇಳಿರುತ್ತೀರಿ. ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ. ಪೆಸಿಫಿಕ್ ಕಡೆ ಚೀನಾದ ನೌಕಾಪಡೆ ಬೆಳೆಯುತ್ತಿರುವುದು ನಾಲ್ವರಿಗೂ ಚಿಂತೆ. ಅಲ್ಲಿ ಮಾತು ಸುಲಭವಾಗಿ ಕೂಡುತ್ತದೆ. 2020ರ ನವೆಂಬರಿನಲ್ಲಿ ನಾಲ್ಕೂ ದೇಶಗಳು ನಮ್ಮ ಅರಬ್ಬೀ ಸಮುದ್ರದಲ್ಲೇ ಮಲಬಾರ್ ಎಂಬ ನೌಕಾ ಕವಾಯತು ನಡೆಸಿದವು.

ಐದು ತಿಂಗಳು ಕಳೆಯಿತು. ಅಮೆರಿಕದ ಯುದ್ಧನೌಕೆಯೊಂದು ಲಕ್ಷದ್ವೀಪದ ಹತ್ತಿರ, ನಮ್ಮ ಆರ್ಥಿಕ ವಲಯದೊಳಗೆ (ಕರಾವಳಿಯಿಂದ 200 ನಾಟಿಕಲ್ ಮೈಲಿವರೆಗೆ ಮೀನು, ಎಣ್ಣೆಯಂಥ ಸಂಪತ್ತಿನ ಹಕ್ಕು ನಮ್ಮದಾಗಿರುವ ಕಡಲು), ಕೇಳದೆ ಹಾದುಹೋಯಿತು. ಸುಮ್ನೆ ಹೋಗಿದ್ದರೆ ಬೇರೆ ಮಾತು. ನಿಮ್ಮ ಅನುಮತಿ ನಮಗೆ ಬೇಕಿಲ್ಲ ಎಂದು ಹೇಳಿಕೆಯನ್ನೂ ಕೊಟ್ಟಿತು. ದೆಹಲಿ ಆಕ್ಷೇಪ ಎತ್ತಿತು. ನನಗೂ ಅದು ನೋವಿನ ವಿಷಯವೇ.

ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂಥಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿದಾಗ, ಅವುಗಳ ಕಾವಲಿಗೆ ಅಮೆರಿಕ ಒಂದು ಕೂಟ ಕಟ್ಟಿತು. ಭಾರತ ಸೇರಲಿಲ್ಲ, ತನ್ನದೇ ನೌಕೆಗಳನ್ನು ಕಳಿಸಿತು. ಅದರಲ್ಲಿ ಐಎನ್‌ಎಸ್ ಮೊರ್ಮುಗಾಂವ್ ಒಂದು. ಹೆಸರು ಗೋವಾದ ಬಂದರಿನದು, ಕಟ್ಟಿದ್ದು ಇಲ್ಲೇ ಮಜಗಾಂವ್ ಡಾಕ್‌ನಲ್ಲಿ. ಆಸ್ಟ್ರೇಲಿಯಾ ಕೆಲವು ಸಿಬ್ಬಂದಿಯನ್ನು ಕೊಟ್ಟಿತು, ಹಡಗು ಕೊಡಲಿಲ್ಲ. ಅದರ ಕಣ್ಣು ಪೆಸಿಫಿಕ್ ಮೇಲೆ. ಜಪಾನಿಗೆ ಬೇಕಾದ ಎಣ್ಣೆಯಲ್ಲಿ 90 ಶೇಕಡಕ್ಕಿಂತ ಜಾಸ್ತಿ ಪಶ್ಚಿಮ ಏಷ್ಯಾದಿಂದಲೇ ಬರಬೇಕು. ನಮಗೋ ಪಾಕಿಸ್ತಾನವನ್ನು ಮುಟ್ಟದೆ ಅಫ್ಘಾನಿಸ್ತಾನದ ಕಡೆ ಹೋಗಲು ಇರಾನಿನ ಚಾಬಹಾರ್ ಬಂದರು ಬೇಕು. 2024ರ ಮೇ ತಿಂಗಳಲ್ಲಿ ಅದಕ್ಕೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಾಗ ಅಮೆರಿಕ ನಿರ್ಬಂಧದ ಎಚ್ಚರಿಕೆ ಕೊಟ್ಟಿತು.

ಹಾಗಾದರೆ ಈ ಸ್ನೇಹ ಸುಳ್ಳಾ? ನನಗೆ ಹಾಗನಿಸುವುದಿಲ್ಲ. ಆದರೆ ಯಾವ ಕಡಲಲ್ಲಿ ಯಾರು, ಎಲ್ಲಿಯವರೆಗೆ ಜೊತೆಗೆ ಬರುತ್ತಾರೆ ಎಂಬುದು ನಮಗೆ ಮೊದಲೇ ಗೊತ್ತಿರಬೇಕು ಅಲ್ವಾ? ಆ ಹಡಗುಗಳಲ್ಲಿರುವುದು ನಮ್ಮ ಮನೆ ಮಕ್ಕಳು.

ಆ ಅಮ್ಮನ ಮಗ ಮತ್ತೆ ಕೊಲ್ಲಿಯ ದಾರಿಯಲ್ಲೇ ಇದ್ದಾನೆ. ನಿನ್ನೆ ರಾತ್ರಿ ಯುಎಇಯ ಫುಜೈರಾ ಬಂದರಿನಿಂದ ಮೆಸೇಜ್ ಬಂದಿತ್ತಂತೆ: 'ಊಟ ಆಯ್ತು ಅಮ್ಮ. ಬೆಳಿಗ್ಗೆ ಹೊರಡ್ತೇವೆ.'