ಹೈಬ್ರಿಡ್ ಕಾರು ಏಳದಿದ್ದರೆ ಮೊದಲು ಸಣ್ಣ ಬ್ಯಾಟರಿ ನೋಡಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ಇಲ್ಲಿಗೆ ಬರುವಾಗ ಪಾರ್ಕಿಂಗ್‌ನಲ್ಲಿ ಎಣಿಸಿದೆ. ಟೊಯೋಟಾದ ಹೈಕ್ರಾಸ್, ಹೈರೈಡರ್ ಎಲ್ಲ ಸೇರಿ ಎಂಟು ಹೈಬ್ರಿಡ್ ಗಾಡಿ ನಿಂತಿವೆ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟ್ ಮೋಟಾರೂ ಇರುವ ಗಾಡಿಗಳು. ಬಿಡದಿಯಲ್ಲೇ ತಯಾರಾಗುವ ಗಾಡಿಗಳು, ಹಾಗಾಗಿ ಈ ಕಡೆ ಜಾಸ್ತಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಾನು ಉದಾಹರಣೆಗೆ ಹಿಡಿದುಕೊಳ್ಳುವುದು ಇವೆಲ್ಲಕ್ಕೂ ಅಜ್ಜನಂಥ ಗಾಡಿ, ಟೊಯೋಟಾ ಪ್ರಿಯಸ್. 1997ರಲ್ಲಿ ಜಪಾನ್‌ನಲ್ಲಿ ಬಂದದ್ದು. ಅದನ್ನು ಅರ್ಥ ಮಾಡಿಕೊಂಡರೆ ನಿಮ್ಮ ಗಾಡಿ ಅರ್ಧ ಅರ್ಥವಾದ ಹಾಗೆ.

ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನ ಹತ್ತಿರ 2008ರ ಪ್ರಿಯಸ್ ಇತ್ತು. ಮನೆಯ ಮದುವೆಗೆ ಅಂತ ಊರಿಗೆ ಬಂದು ಐದು ವಾರ ಇದ್ದು ಹೋದ. ಅಲ್ಲಿ ಇಳಿದ ಮರುದಿನವೇ ಫೋನು. "ಮಾವ, ಬಟನ್ ಒತ್ತಿದರೆ ದೀಪ ಎಲ್ಲ ಮಿಣಮಿಣ ಅಂತಿವೆ, ಎಲ್ಲೋ ಟಕ್‌ಟಕ್ ಅನ್ನುತ್ತೆ, ಗಾಡಿ ಏಳ್ತಾನೇ ಇಲ್ಲ." ಹತ್ತಿರದ ಒಂದು ಗ್ಯಾರೇಜಿಗೆ ಫೋನ್ ಮಾಡಿದ್ದನಂತೆ. ಅವರು ಗಾಡಿಯ ಮುಖವನ್ನೂ ನೋಡದೆ, "ಹೈಬ್ರಿಡ್ ಬ್ಯಾಟರಿ ಹೋಗಿದೆ, ಮೂರು ಸಾವಿರ ಡಾಲರ್ ಆಗುತ್ತೆ" ಅಂದುಬಿಟ್ಟರಂತೆ.

ನಾನು ಹೇಳಿದೆ, ಮೊದಲು ಹತ್ತು ಡಾಲರ್ ಕೊಟ್ಟು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತಗೋ.

ವಿಷಯ ಏನೆಂದರೆ, ಹೈಬ್ರಿಡ್ ಗಾಡಿಯಲ್ಲಿ ಬ್ಯಾಟರಿ ಎರಡು. ಒಂದು ದೊಡ್ಡದು. ಅವನ ಪ್ರಿಯಸ್‌ನಲ್ಲಿ ಅದು ಹಿಂದಿನ ಸೀಟಿನ ಬೆನ್ನಿಗಿರುತ್ತದೆ, 201.6 ವೋಲ್ಟ್. ಗಾಡಿ ಓಡಿಸುವುದು ಅದು. ಇನ್ನೊಂದು ಸಣ್ಣದು, ನಮ್ಮ ನಿಮ್ಮ ಎಲ್ಲ ಕಾರಿನಲ್ಲೂ ಇರುವ 12 ವೋಲ್ಟ್ ಬ್ಯಾಟರಿ. ಪ್ರಿಯಸ್‌ನಲ್ಲಿ ಅದು ಡಿಕ್ಕಿಯ ಬಲಮೂಲೆಯಲ್ಲಿ ಅಡಗಿ ಕೂತಿರುತ್ತದೆ.

ಮಾಮೂಲಿ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿಯ ದೊಡ್ಡ ಕೆಲಸ ಸೆಲ್ಫ್ ಹೊಡೆಯುವುದು. ಪ್ರಿಯಸ್‌ನಲ್ಲಿ ಸೆಲ್ಫ್ ಮೋಟಾರೇ ಇಲ್ಲ. ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯ ಕರೆಂಟಿನಲ್ಲಿ ಓಡುವ ಮೋಟಾರ್. ಹಾಗಾದರೆ ಸಣ್ಣದಕ್ಕೆ ಏನು ಕೆಲಸ? ಕಂಪ್ಯೂಟರುಗಳನ್ನು ಎಬ್ಬಿಸುವುದು, ಆಮೇಲೆ ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯುವುದು. ಗಾಡಿ ಆಫ್ ಇದ್ದಾಗ ಆ 200 ವೋಲ್ಟ್ ಪೂರ್ತಿ ಬೀಗ ಹಾಕಿ ಕೂತಿರುತ್ತದೆ. ಆ ಬೀಗವೇ ರಿಲೇಗಳು. ಅವನ್ನು ಎಳೆಯುವ ಶಕ್ತಿ ಬರುವುದು 12 ವೋಲ್ಟಿನಿಂದ. ಸಣ್ಣದು ಸತ್ತರೆ, ಕಣಜದಲ್ಲಿ ಭತ್ತ ತುಂಬಿದ್ದರೂ ಬೀಗದ ಕೈ ಕಳೆದುಹೋದ ಹಾಗೆ. ಅಕ್ಕನ ಮಗನಿಗೆ ಕೇಳಿಸಿದ ಟಕ್‌ಟಕ್ ಅದೇ. ರಿಲೇ ಹಿಡಿಯಲು ನೋಡಿ ಕೈಬಿಡುತ್ತಿದ್ದ ಸದ್ದು.

ಇಲ್ಲಿ ಒಂದು ಮೋಸ ಇದೆ, ಗಮನಿಸಿ. ಮಾಮೂಲಿ ಕಾರಿನಲ್ಲಿ ಬ್ಯಾಟರಿ ಸಾಯುವ ಮುಂಚೆ ಹೇಳಿ ಸಾಯುತ್ತದೆ. ಸೆಲ್ಫ್ ಎಳೆಯುವುದು ನಿಧಾನವಾಗುತ್ತದೆ, ಚಳಿಗಾಲದ ಬೆಳಿಗ್ಗೆ ಗೊಣಗುತ್ತದೆ. ನಮಗೆ ತಿಳಿಯುತ್ತದೆ. ಹೈಬ್ರಿಡ್‌ನಲ್ಲಿ ಅಷ್ಟು ಭಾರದ ಕೆಲಸ ಅದಕ್ಕೆ ಬೀಳುವುದೇ ಇಲ್ಲ. ಅರೆಜೀವದಲ್ಲೂ ಗಾಡಿಯನ್ನು ಎಬ್ಬಿಸುತ್ತಲೇ ಇರುತ್ತದೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕೈ ಎತ್ತುತ್ತದೆ. "ನಿನ್ನೆ ಸಂಜೆವರೆಗೂ ಚೆನ್ನಾಗಿತ್ತು ಸಾರ್" ಅಂತ ಬರುವವರು ಸುಳ್ಳು ಹೇಳುತ್ತಿಲ್ಲ.

ಅವನ ಕಥೆಗೆ ಬರುತ್ತೇನೆ. ಡಿಕ್ಕಿ ತೆಗೆಯಲು ಹೋದರೆ ತೆಗೆಯಲೇ ಇಲ್ಲ. ಅದರ ಲಾಕ್ ಕೂಡ ಕರೆಂಟಿನದು! ಬ್ಯಾಟರಿ ಸತ್ತಿರುವುದರಿಂದ ಬ್ಯಾಟರಿ ಇರುವ ಡಿಕ್ಕಿ ತೆಗೆಯದು. ಇದನ್ನು ಯೋಚನೆ ಮಾಡಿದ ಪುಣ್ಯಾತ್ಮರೇ ಇನ್ನೊಂದು ದಾರಿಯನ್ನೂ ಇಟ್ಟಿದ್ದಾರೆ. ರಿಮೋಟ್ ಒಳಗೆ ಒಂದು ಲೋಹದ ಕೀ ಇರುತ್ತದೆ, ಅದರಿಂದ ಡ್ರೈವರ್ ಬಾಗಿಲು ತೆಗೆಯಬಹುದು. ಬಾನೆಟ್ ಎಳೆಯುವ ಹಿಡಿ ಬರೀ ತಂತಿಯದು, ಕರೆಂಟ್ ಬೇಡ. ಬಾನೆಟ್ ಒಳಗಿನ ಫ್ಯೂಸ್ ಡಬ್ಬಿಯಲ್ಲಿ ಕೆಂಪು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಲೋಹದ ನಾಲಿಗೆ ಇದೆ. ಅದೇ ಜಂಪ್ ಕೊಡುವ, ಅಂದರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಎಬ್ಬಿಸುವ ಪಾಸಿಟಿವ್. ಅಲ್ಲಿ ಮೀಟರ್ ಹಿಡಿಸಿದೆ. 9.4 ವೋಲ್ಟ್. ನನಗೆ ಅಷ್ಟು ಸಾಕಾಯಿತು.

ಈ ಲೆಕ್ಕ ನೆನಪಿಟ್ಟುಕೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಒಳ್ಳೆಯ ಬ್ಯಾಟರಿ 12.6ರ ಸುಮಾರು ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 11.8ರ ಕೆಳಗೆ ಇದ್ದರೆ ನಂಬಬೇಡಿ. ಗಾಡಿ ಎದ್ದು ಮುಂದಿನ ಪರದೆಯಲ್ಲಿ ರೆಡಿ ದೀಪ ಬಂದ ಮೇಲೆ 14ರ ಆಸುಪಾಸು ಬರಬೇಕು. ಈ ಗಾಡಿಗಳಲ್ಲಿ ಆಲ್ಟರ್ನೇಟರ್ ಕೂಡ ಇಲ್ಲ. ದೊಡ್ಡ ಬ್ಯಾಟರಿಯ ಕರೆಂಟನ್ನು ಇಳಿಸಿ ಸಣ್ಣದಕ್ಕೆ ಕೊಡುವುದು ಡಿಸಿ ಕನ್ವರ್ಟರ್. ರೆಡಿ ಬಂದ ಮೇಲೂ ಮೀಟರ್ 12ರಲ್ಲೇ ನಿಂತು ಇಳಿಯುತ್ತಿದ್ದರೆ ಬ್ಯಾಟರಿ ಬದಲಾಯಿಸಿ ಪ್ರಯೋಜನವಿಲ್ಲ. ತೊಂದರೆ ಕನ್ವರ್ಟರ್ ಕಡೆ ಇದೆ.

ಈಗ ಜಂಪ್. ಪಕ್ಕದಲ್ಲಿ ಇನ್ನೊಂದು 12 ವೋಲ್ಟ್ ಗಾಡಿ ತಂದು ನಿಲ್ಲಿಸಿ. ಲಾರಿ ಬೇಡ, ಅದು 24 ವೋಲ್ಟ್. ಕೆಂಪು ಕೇಬಲ್ಲಿನ ಒಂದು ತುದಿ ನಿಮ್ಮ ಗಾಡಿಯ ಆ ಕೆಂಪು ಮುಚ್ಚಳದ ಕೆಳಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ. ಕೊನೆಯ ತುದಿ ನಿಮ್ಮ ಗಾಡಿಯಲ್ಲಿ ಬಣ್ಣ ಇಲ್ಲದ ಒಂದು ಗಟ್ಟಿ ಬೋಲ್ಟಿಗೆ. ಕಿಡಿ ಹಾರಿದರೂ ಬ್ಯಾಟರಿಯಿಂದ ದೂರ ಹಾರಲಿ ಅಂತ. ಇನ್ನೊಂದು ಗಾಡಿ ಸ್ಟಾರ್ಟ್ ಮಾಡಿ ಐದು ನಿಮಿಷ ಸುಮ್ನೆ ಬಿಡಿ. ಆಮೇಲೆ ಬ್ರೇಕ್ ತುಳಿದು ಬಟನ್ ಒತ್ತಿ. ರೆಡಿ ದೀಪ ಬಂದರೆ ಮುಗಿಯಿತು, ಕೊನೆಗೆ ಹಾಕಿದ ತುದಿ ಮೊದಲು ಅಂತ ಕೇಬಲ್ ಉಲ್ಟಾ ಕ್ರಮದಲ್ಲಿ ಬಿಚ್ಚಿ. ಎಂಜಿನ್ ಸದ್ದು ಕೇಳಿಸಲಿಲ್ಲ ಅಂತ ಮತ್ತೆ ಮತ್ತೆ ಬಟನ್ ಒತ್ತಬೇಡಿ. ನಿಮ್ಮ ಗಾಡಿಯ ಜಂಪ್ ಪಾಯಿಂಟ್ ಬೇರೆ ಕಡೆ ಇರಬಹುದು. ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಇಟ್ಟಿದ್ದೀರಲ್ಲ ಆ ಮ್ಯಾನ್ಯುಯಲ್, ಅದರಲ್ಲಿ ಚಿತ್ರ ಇದೆ. ಇವತ್ತೇ ನೋಡಿ.

ಒಂದೇ ಒಂದು ತಪ್ಪು ಮಾಡಬೇಡಿ, ಕೆಂಪು ಕಪ್ಪು ಅದಲುಬದಲು. ಮಾಮೂಲಿ ಗಾಡಿಯಲ್ಲಿ ಒಂದು ಫ್ಯೂಸ್ ಹೋಗಿ ಬಚಾವ್ ಆಗಬಹುದು. ಹೈಬ್ರಿಡ್‌ನಲ್ಲಿ ಕನ್ವರ್ಟರ್, ಇನ್ವರ್ಟರ್ ತನಕ ಪೆಟ್ಟು ಹೋಗಬಹುದು. ಕತ್ತಲಲ್ಲಿ, ಮಳೆಯಲ್ಲಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಜಂಪ್ ಕೊಟ್ಟ ಒಬ್ಬರ ಬಿಲ್ ನಾನು ನೋಡಿದ್ದೇನೆ. ಒಂದು ಸ್ಕೂಟರ್ ಬರುತ್ತಿತ್ತು ಆ ದುಡ್ಡಿಗೆ.

ತಳ್ಳಿ ಸ್ಟಾರ್ಟ್ ಮಾಡುವ ಆಸೆ ಬಿಡಿ. ಕ್ಲಚ್ಚೂ ಇಲ್ಲ, ಬ್ಯಾಟರಿ ಇಲ್ಲದೆ ಪಾರ್ಕ್‌ನಿಂದ ಗೇರ್ ಕೂಡ ಹೊರಗೆ ಬಾರದು. ಎಳೆದುಕೊಂಡು ಹೋಗಬೇಕಾದರೆ ಮುಂದಿನ ಚಕ್ರ ನೆಲದಿಂದ ಎತ್ತಿರಬೇಕು. ಚಕ್ರ ತಿರುಗಿದರೆ ಒಳಗಿನ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತದೆ.

ಇನ್ನು ಉಪಕಾರ ಮಾಡುವ ಮನಸ್ಸಿನವರಿಗೆ ಒಂದು ಮಾತು. ಪಕ್ಕದ ಮನೆಯವರ ಡೀಸೆಲ್ ಗಾಡಿಗೆ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡಬೇಡಿ. ಅವರ ಸೆಲ್ಫ್ ನೂರಾರು ಆಂಪ್ಸ್ ಎಳೆಯುತ್ತದೆ. ನಿಮ್ಮ ಸಣ್ಣ ಬ್ಯಾಟರಿ, ಅದರ ಫ್ಯೂಸು, ವೈರು ಯಾವುದೂ ಅಷ್ಟಕ್ಕೆ ಮಾಡಿದ್ದಲ್ಲ. ನಿಷ್ಠುರ ಆದರೂ ಪರವಾಗಿಲ್ಲ.

ಐದು ವಾರದಲ್ಲಿ ಬ್ಯಾಟರಿ ಯಾಕೆ ಸತ್ತಿತು? ಗಾಡಿ ಆಫ್ ಆದರೂ ಅದು ಪೂರ್ತಿ ನಿದ್ದೆ ಮಾಡುವುದಿಲ್ಲ. ಅಲಾರಂ, ರಿಮೋಟಿಗಾಗಿ ಕಾಯುವ ರಿಸೀವರ್, ಎಲ್ಲವೂ ಹನಿಹನಿಯಾಗಿ ಕುಡಿಯುತ್ತಿರುತ್ತವೆ. 2020ರ ಲಾಕ್‌ಡೌನ್‌ನಲ್ಲಿ ನಮಗೆಲ್ಲ ಈ ಪಾಠ ಆಯಿತು. ವಾರಕ್ಕೊಮ್ಮೆ ಒಂದು ಗಂಟೆ ಗಾಡಿಯನ್ನು ರೆಡಿಯಲ್ಲಿ ಇಡಿ, ಬಯಲಲ್ಲಿ, ಮುಚ್ಚಿದ ಗ್ಯಾರೇಜಿನಲ್ಲಿ ಅಲ್ಲ. ಬ್ರೇಕ್ ತುಳಿಯದೆ ಬಟನ್ ಒತ್ತಿ ಹಾಡು ಕೇಳುತ್ತ ಕೂತರೆ ಚಾರ್ಜ್ ಆಗುವುದಿಲ್ಲ, ಉಲ್ಟಾ ಖಾಲಿಯಾಗುತ್ತದೆ. ನಾನು ನೋಡಿದ ಅರ್ಧ ಕೇಸು ಇವೇ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವನ್ನೂ ಬಿಡಿ. ಟೊಯೋಟಾ ಹೈಬ್ರಿಡ್‌ನಲ್ಲಿ ನ್ಯೂಟ್ರಲ್ ಇದ್ದಾಗ ದೊಡ್ಡ ಬ್ಯಾಟರಿಗೆ ಚಾರ್ಜ್ ಹೋಗುವುದಿಲ್ಲ, ಎಸಿ ಮಾತ್ರ ಅದರಿಂದ ಎಳೆಯುತ್ತಲೇ ಇರುತ್ತದೆ. ಡ್ರೈವ್‌ನಲ್ಲಿಟ್ಟು ಬ್ರೇಕ್ ಹಿಡಿಯಿರಿ, ಇಲ್ಲವೇ ಪಾರ್ಕ್. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಬರೀ ಬ್ಯಾಟರಿಯಲ್ಲಿ ಮನೆ ಸೇರುವ ಸಾಹಸವೂ ಬೇಡ. ದೊಡ್ಡ ಬ್ಯಾಟರಿ ತಳ ಕಂಡರೆ ಯಾವ ಜಂಪರ್ ಕೇಬಲ್ಲೂ ಅದನ್ನು ಎಬ್ಬಿಸಲಾರದು.

ಹಾಗಾದರೆ ದೊಡ್ಡದು ಕೆಡುವುದೇ ಇಲ್ಲವೇ? ಕೆಡುತ್ತದೆ. ಆದರೆ ಅದರ ಲಕ್ಷಣ ಬೇರೆ. ಗಾಡಿ ಏಳುತ್ತದೆ, ಓಡುತ್ತದೆ. ಪರದೆಯ ಮೇಲೆ ಚಾರ್ಜ್ ಗೀಟುಗಳು ಮಾತ್ರ ಸರ್ರನೆ ಏರಿ ಸರ್ರನೆ ಇಳಿಯುತ್ತವೆ. ಎಂಜಿನ್ ಬಿಡದೆ ಓಡುತ್ತದೆ, ಬ್ಯಾಟರಿ ಫ್ಯಾನ್ ಕಿರುಚುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0ಎ80 ಅನ್ನುವ ಕೋಡ್ ಬರುತ್ತದೆ. ಆ ಪ್ರಿಯಸ್‌ನಲ್ಲಿ ದೊಡ್ಡ ಬ್ಯಾಟರಿ ಅಂದರೆ ಸಾಲಾಗಿ ಜೋಡಿಸಿದ 28 ತುಂಡು, ಅವೇ ಮಾಡ್ಯೂಲ್; ಎರಡೆರಡು ಸೇರಿ 14 ಬ್ಲಾಕ್. ಒಂದು ಬ್ಲಾಕ್ ಉಳಿದವಕ್ಕಿಂತ ತುಂಬ ಕೆಳಗೆ ಬಿದ್ದರೆ ಕಂಪ್ಯೂಟರ್ ಈ ಕೋಡ್ ಬರೆಯುತ್ತದೆ. ಕೋಡ್ ಬಂತು ಅಂತ ತಕ್ಷಣ ಹೊಸದು ಹಾಕಿಸಬೇಡಿ, 14 ಬ್ಲಾಕ್‌ಗಳ ವೋಲ್ಟೇಜ್ ತೋರಿಸಿ ಅನ್ನಿ. ಮಾಡ್ಯೂಲ್ ಜೋಡಿಸುವ ತಾಮ್ರದ ಪಟ್ಟಿ ಹಸಿರುಗಟ್ಟಿದ್ದರೂ ಹೀಗೆ ಕಾಣಿಸಬಹುದು. ಒಂದೇ ಮಾಡ್ಯೂಲ್ ಬದಲಾಯಿಸಿ ಕಡಿಮೆಯಲ್ಲಿ ಮುಗಿಸುತ್ತೇವೆ ಅನ್ನುವವರೂ ಸಿಗುತ್ತಾರೆ. ಇವತ್ತು ಒಂದು, ಆರು ತಿಂಗಳಿಗೆ ಇನ್ನೊಂದು. ನನಗೆ ಅದರಲ್ಲಿ ನಂಬಿಕೆ ಇಲ್ಲ.

ಫ್ಯಾನ್ ಅಂದೆನಲ್ಲ, ಅದನ್ನು ಯಾರೂ ನೋಡುವುದಿಲ್ಲ. ಕ್ಯಾಬಿನ್ನಿನ ತಂಪು ಗಾಳಿ ಎಳೆದು ಬ್ಯಾಟರಿ ತಣಿಸುವುದು ಅದು. ಅದು ಗಾಳಿ ಎಳೆಯುವ ಜಾಲರಿ ಪ್ರಿಯಸ್‌ನಲ್ಲಿ ಹಿಂದಿನ ಸೀಟಿನ ಪಕ್ಕ. ನಮ್ಮ ರಸ್ತೆಯ ಧೂಳು, ಮನೆಯ ನಾಯಿಯ ಕೂದಲು ಅಲ್ಲಿ ಕಟ್ಟಿಕೊಳ್ಳುತ್ತದೆ. ನಾವು ಅದರ ಮೇಲೆ ಬ್ಯಾಗ್ ಬೇರೆ ಇಡುತ್ತೇವೆ. ಬಿಸಿಯೇ ಬ್ಯಾಟರಿಯ ಶತ್ರು. ಆರು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಹಿಡಿಯಿರಿ. ನಮ್ಮಲ್ಲಿ ಟೊಯೋಟಾ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತದೆ. ಹೊರಗೆ ಬಿಚ್ಚಿಸುವ ಮುಂಚೆ ಆ ಕಾಗದ ಹುಡುಕಿ.

ಕಿತ್ತಳೆ ಬಣ್ಣದ ವೈರ್ ಕಂಡಲ್ಲಿ ಕೈ ಹಿಂದೆ, ಅದು ದೊಡ್ಡ ಬ್ಯಾಟರಿಯ ಕರೆಂಟಿನದು. ಆ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದ ಕರೆಂಟ್ ಇಳಿಯಲಿ ಅಂತ ನಾವು ಹತ್ತು ನಿಮಿಷ ಕಾಯುತ್ತೇವೆ, ಅದೂ ರಬ್ಬರ್ ಗ್ಲೌಸ್ ಹಾಕಿಕೊಂಡು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದವಲ್ಲ, ಅಂಥ ಗಾಡಿಗೆ ಜಂಪ್ ಕೊಡುವ ಮಾತೇ ಇಲ್ಲ.

ಅಕ್ಕನ ಮಗನ ಗಾಡಿ ಜಂಪ್ ಕೊಟ್ಟ ಕೂಡಲೇ ರೆಡಿ ಅಂದಿತು. ಡಿಕ್ಕಿಯೂ ತೆಗೆಯಿತು. ಒಳಗಿದ್ದ ಸಣ್ಣ ಬ್ಯಾಟರಿಗೆ ಏಳು ವರ್ಷ ವಯಸ್ಸು! ಹೊಸದನ್ನು ಅದೇ ಜಾತಿಯದು ತರಲು ಹೇಳಿದೆ, ಗಾಳಿ ಹೊರಗೆ ಬಿಡುವ ಕೊಳವೆ ಇರುವಂಥದ್ದು. ಡಿಕ್ಕಿಗೂ ಜನ ಕೂರುವ ಜಾಗಕ್ಕೂ ಗಾಳಿ ಒಂದೇ ಆಗಿರುವುದರಿಂದ ಬ್ಯಾಟರಿಯ ಗ್ಯಾಸ್ ಒಳಗೆ ಸೇರಬಾರದು. ಇನ್ನೂರು ಡಾಲರ್ ಚಿಲ್ಲರೆಗೆ ಮುಗಿಯಿತು.

ನನ್ನ ಮಲ್ಟಿಮೀಟರ್ ತಂದಿದ್ದೇನೆ. ಟೀ ಆದ ಮೇಲೆ ಪಾರ್ಕಿಂಗಿಗೆ ಹೋಗೋಣ. ಆ ಎಂಟು ಗಾಡಿಯವರು ಬಾನೆಟ್ ತೆಗೆದಿಡಿ, ಒಂದೊಂದಾಗಿ ನೋಡಿಬಿಡೋಣ.